ಹೆಬ್ಬೆರಳಿಗೆ ಹೇಳಿದ್ದು

ಕಟ್ಟಡದಿಂದ ಬಿದ್ದ ಮೇಲೆ ನನ್ನ ಕಾಲುಗಳು ಅಲ್ಲಾಡುವುದಿಲ್ಲ. ಹೊಸ ತಿಪ್ಪಸಂದ್ರದ ನಮ್ಮ ಬಾಡಿಗೆ ಕೋಣೆಗೆ ಬರುವ ಫಿಸಿಯೋ ಸುಕನ್ಯ ಮೇಡಂ ಹೇಳಿದ್ದರು: "ಮೆದುಳಿಂದ ಕಾಲಿಗೆ ಹೋಗೋ ನರ ಬೆನ್ನುಹುರೀಲಿ ಕಟ್ ಆಗಿದೆ. ಒಂದೆಳೆ ಉಳಿದಿದ್ರೂ ಸಾಕು. ದಿನಾ ಕಾಲಿನ ಹೆಬ್ಬೆರಳಿಗೆ ಮನಸ್ಸಲ್ಲೇ ಹೇಳಿ, ಅಲ್ಲಾಡು ಅಂತ."

ಹೆಂಡತಿ ಜಯಮಾಲಾ ಮನೆಗೆಲಸಕ್ಕೆ ಹೋದ ಮೇಲೆ ಮಧ್ಯಾಹ್ನವಿಡೀ ಮನಸ್ಸಿನಲ್ಲೇ ಹೇಳುತ್ತಿದ್ದೆ. ಬೆರಳು ಅಲ್ಲಾಡುತ್ತಿರಲಿಲ್ಲ. ಆದರೆ ಹೇಳಿದಾಗಲೆಲ್ಲ ಪಕ್ಕದ ಕೋಣೆಯವರು ಗೋಡೆಯನ್ನು, ನೆಲದಿಂದ ಗೇಣೆತ್ತರದಲ್ಲಿ, ಒಮ್ಮೆ ತಟ್ಟುತ್ತಿದ್ದರು.

"ಬಾಜೂಕ ಯಾರ್ ಬಂದಾರ?" ಎಂದು ಜಯಮಾಲಾಳನ್ನು ಕೇಳಿದೆ.

"ಯಾರೂ ಇಲ್ರಿ. ಯುಗಾದಿಯಿಂದ ಬೀಗ ಹಾಕೇದ."

ಆಮೇಲೂ ಹೇಳುವುದನ್ನು ಬಿಡಲಿಲ್ಲ. ದಿನವಿಡೀ ನನಗೆ ಓಗೊಡಲು ಬೇರೆ ಯಾರಿದ್ದರು?

ನಿನ್ನೆ ಮಾತ್ರ ಬೇಸರವಾಗಿ, ಏನೂ ಹೇಳದೆ ಮಲಗಿದ್ದೆ. ಮೊದಲು ಗೋಡೆ ತಟ್ಟಿದ ಸದ್ದಾಯಿತು. ಆಮೇಲೆ ನನ್ನ ಹೆಬ್ಬೆರಳು ಅಲ್ಲಾಡಿತು.