ಕಾಗದದೊಳಗೆ ಕುಳಿತ ರಾಣಿ

ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಕೆಂಬರೆ ಎಂಬ ರಾಜ್ಯವಿತ್ತು. ಚಂದ್ರಲೆ ಎಂಬ ರಾಣಿ ಅದನ್ನು ಆಳುತ್ತಿದ್ದಳು. ಒಂದು ದಿನ ಕರ್ಬುರನೆಂಬ ಮಾಂತ್ರಿಕ ಚಿತ್ರಗಾರನ ವೇಷದಲ್ಲಿ ಅರಮನೆಗೆ ಬಂದ.

"ಮಹಾರಾಣಿ, ಒಂದು ಗಳಿಗೆ ಅಲ್ಲಾಡದೆ ಕುಳಿತಿರಿ. ನಿಮ್ಮ ಚಿತ್ರ ಬರೆಯುತ್ತೇನೆ."

ರಾಣಿ ಕುಳಿತಳು. ಅವನು ನೀರಿನಲ್ಲಿ ಬಣ್ಣ ಕಲಸಿ ಕೆನ್ನೆಗೆ ಹಸಿರು, ನೆರಳಿಗೆ ನೀಲಿ, ಸೆರಗಿಗೆ ಕಿತ್ತಳೆ ಬಳಿದ. ಕಡೆಯ ಗೆರೆ ಬೀಳುತ್ತಲೇ ಪೀಠ ಬರಿದಾಯಿತು. ರಾಣಿ ಕಾಗದದೊಳಗೆ ಕುಳಿತಿದ್ದಳು.

ಕರ್ಬುರ ಚಿತ್ರವನ್ನು ತನ್ನ ಗುಹೆಯಲ್ಲಿಟ್ಟು ಸಿಂಹಾಸನವೇರಿದ. "ಯಾರಾದರೂ ಎದುರು ಮಾತಾಡಿದರೆ ಚಿತ್ರದ ಮೇಲೆ ಒಂದು ಕೊಡ ನೀರು ಸುರಿಯುತ್ತೇನೆ. ನಿಮ್ಮ ರಾಣಿ ತೊಳೆದುಹೋಗುತ್ತಾಳೆ!" ಎಂದ. ಜನ ಬಾಯಿ ಮುಚ್ಚಿಕೊಂಡರು.

ರಾಣಿಯ ತಂಗಿ ಚಾಗಲೆ ಮಾತ್ರ ಸುಮ್ಮನಿರಲಿಲ್ಲ. ದಾರಿಗೆಂದು ಒಂದು ತಂಬಿಗೆ ನೀರು ಹಿಡಿದು ಗುಹೆಯತ್ತ ನಡೆದಳು.

ಬಾಗಿಲಲ್ಲಿ ಹಳದಿ ಹುಲಿ ಘರ್ಜಿಸಿತು. ಅದರ ಪಟ್ಟೆಗಳು ಬೆವರಿನಂತೆ ಇಳಿಯುತ್ತಿದ್ದವು. "ನೀನೂ ಬಣ್ಣವೇ!" ಎಂದು ಚಾಗಲೆ ನೀರೆರಚಿದಳು. ಹುಲಿ ಕರಗಿ ಹರಿದುಹೋಯಿತು.

ಒಳಗೆ ನೀಲಿ ಹೊಳೆ ಅಡ್ಡ ಬಂತು. ಉಳಿದ ನೀರೆರಚಿದರೆ ಅದು ಇನ್ನಷ್ಟು ಉಬ್ಬಿತು. ಸೆರಗಿನಲ್ಲಿ ಒಣ ಮರಳು ತಂದು ತಂದು ಸುರಿದಳು. ಹೊಳೆ ಇಂಗಿತು.

ಕೊನೆಗೆ ಚಿತ್ರ ಸಿಕ್ಕಿತು. ಇಲ್ಲಿ ನೀರೂ ನಡೆಯದು, ಮರಳೂ ನಡೆಯದು.

"ಅಕ್ಕಾ, ಎದ್ದು ಬಾ!"

"ಹೇಗೆ ಏಳಲಿ, ಚಾಗಿ? ಆ ದುರುಳ ನನಗೆ ಪಾದಗಳನ್ನೇ ಬರೆದಿಲ್ಲ," ಎಂದಳು ಚಿತ್ರದ ರಾಣಿ.

"ನನಗೆ ಚಿತ್ರ ಬರೆಯಲು ಬರುವುದಿಲ್ಲವಲ್ಲ, ಅಕ್ಕಾ!"

"ಸೊಟ್ಟಗಾದರೂ ಆಗಲಿ, ಬರಿಯೇ!"

ಹಸಿ ಬಣ್ಣ ಮೆತ್ತಿದ ಕುಂಚ ಅಲ್ಲೇ ಬಿದ್ದಿತ್ತು. ಚಾಗಲೆ ಒಂದು ಪಾದ ದೊಡ್ಡದು, ಇನ್ನೊಂದು ಚಿಕ್ಕದು ಬರೆದಳು. ಬಣ್ಣ ಆರಿತು. ರಾಣಿ ಎದ್ದು ಕಾಗದದಿಂದ ಹೊರಗೆ ಕಾಲಿಟ್ಟಳು. ನೆಲ ಸೋಕುತ್ತಲೇ ಅವು ಅವಳದೇ ಪಾದಗಳಾದವು. ಅಕ್ಕತಂಗಿಯರು ತಬ್ಬಿಕೊಂಡು ಅತ್ತರು, ನಕ್ಕರು.

ನೇರ ಆಸ್ಥಾನಕ್ಕೆ ಬಂದು ಚಂದ್ರಲೆ ಗುಡುಗಿದಳು: "ಏಳೋ ಕರ್ಬುರ! ಅದು ನನ್ನ ಪೀಠ!"

ಮಾಂತ್ರಿಕ ಮಂತ್ರಕ್ಕೆಂದು ಕೈ ಎತ್ತಿದ. ಮಾಯೆ ಆಗಲೇ ಮುರಿದಿತ್ತು; ಹುಲಿಯಂತೆ ಅವನೂ ಬರೀ ಬಣ್ಣವೇ ಆಗಿದ್ದ. ಅವನ ಬೆರಳು ಕರಗಿತು, ತೋಳು ಕರಗಿತು, ಕಿರೀಟ ಹೊತ್ತ ತಲೆಯೂ ಕರಗಿತು. ಮೆಟ್ಟಿಲಗುಂಟ ಕೊಳಕು ಬಣ್ಣ ಇಳಿದು ಮೋರಿ ಸೇರಿತು.

ಬಾಯಿ ಮುಚ್ಚಿದ್ದ ಜನ ಸೂರು ಹಾರುವಂತೆ ಜಯಘೋಷ ಮಾಡಿದರು. ಚಂದ್ರಲೆ ತಂಗಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ರಾಜ್ಯವಾಳಿದಳು. ಕೆಂಬರೆಯಲ್ಲಿ ದುಡಿದವರಿಗೆ ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ. ಹಾಗೆ ಎಲ್ಲರೂ ನಗುನಗುತ್ತಾ ಬಹುಕಾಲ ಬಾಳಿದರು.