ಮೇಷ್ಟ್ರ ನಗುಮುಖ

ಆಸ್ಪತ್ರೆಯ ತಾರಸಿಯ ಮೇಲೆ, ಲಿಫ್ಟಿನ ಮೆಷಿನ್ ರೂಮಿನಲ್ಲಿ ಮೇಷ್ಟ್ರು ಬೋರಲು ಬಿದ್ದಿದ್ದರು. ತಲೆಯ ಹಿಂದೆ ರಕ್ತ. ಕನ್ನಡಕ ಒಂದು ಮಾರು ದೂರ. ಪಕ್ಕದಲ್ಲೇ ಒಂದು ಸ್ಪ್ಯಾನರ್, ಹಿಡಿಗೆ ನೀಲಿ ಟೇಪು ಸುತ್ತಿದ್ದು.

ಅವರನ್ನು ಮೊದಲು ಕಂಡವಳೇ ಆ ಸ್ಪ್ಯಾನರಿನ ಒಡತಿ. ಬೆಳಗ್ಗೆ ಹತ್ತೂಕಾಲಿಗೆ ಪೊಲೀಸರಿಗೆ ಫೋನ್ ಮಾಡಿ, "ಮೇಷ್ಟ್ರಿಗೆ ಹೊಡೆದಿದ್ದಾರೆ. ಉಸಿರಿದೆ. ಬನ್ನಿ," ಎಂದು ಇಟ್ಟುಬಿಟ್ಟಿದ್ದಳು.

ಇನ್ಸ್‌ಪೆಕ್ಟರಮ್ಮ ಬರುವಷ್ಟರಲ್ಲಿ ಮೇಷ್ಟ್ರನ್ನು ಕೆಳಗೆ ಎಮರ್ಜೆನ್ಸಿಗೆ ಸಾಗಿಸಿದ್ದರು. ಹೆಸರಿಗೆ ಮೇಷ್ಟ್ರು, ಶಾಲೆಯ ಕಡೆ ತಲೆ ಹಾಕಿದವರಲ್ಲ. ನಲವತ್ತು ವರ್ಷದಿಂದ ಲಿಫ್ಟ್ ಪರೀಕ್ಷಕರು. ಊರಿನ ಮೆಕ್ಯಾನಿಕ್‌ಗಳೆಲ್ಲ ಫೋನಿನಲ್ಲಿ ಒಂದು ಚರ್ಚೆಯ ಗುಂಪು ಮಾಡಿಕೊಂಡಿದ್ದರು. ಅಲ್ಲಿ ಮೇಷ್ಟ್ರು ಬರೆದದ್ದೇ ಕೊನೆಯ ಮಾತು. ಅವರು ಹೂಂ ಅಂದರೆ ಲಿಫ್ಟ್ ಓಡುತ್ತಿತ್ತು, ಊಹೂಂ ಅಂದರೆ ನಿಲ್ಲುತ್ತಿತ್ತು.

ಸ್ಪ್ಯಾನರಿನ ಒಡತಿ ಗೋಡೆಗೆ ಒರಗಿ ನಿಂತಿದ್ದಳು. ಮೂವತ್ತೈದರ ಹೆಂಗಸು, ಎರಡನೇ ಲಿಫ್ಟಿನ ರಿಪೇರಿಗೆ ಬಂದ ಮೆಕ್ಯಾನಿಕ್, ಕೈ ತುಂಬ ಗ್ರೀಸು. ಗುಂಪಿನಲ್ಲಿ ಅವಳ ಅಡ್ಡಹೆಸರು ಚುಟುಕಮ್ಮ.

"ಸ್ಪ್ಯಾನರ್ ನಿಮ್ದಾ?"

"ಹೌದು."

"ಇಲ್ಲಿಗೆ ಹೇಗ್ ಬಂತು?"

"ನಿನ್ನೆ ಇಲ್ಲೇ ಬಿಟ್ಟಿದ್ದೆ."

"ಒಂಬತ್ತರಿಂದ ಹತ್ತರವರೆಗೆ ಎಲ್ಲಿದ್ರಿ?"

"ಎರಡನೇ ಲಿಫ್ಟಿನ ಗುಂಡೀಲಿ. ಒಬ್ಬಳೇ." ನಾಲ್ಕನೇ ಲಿಫ್ಟಿನ ಮೋಟರಿನ ಕಡೆ ಕೈ ತೋರಿಸಿ, "ನಾಲ್ಕನೇದನ್ನ ನಿಲ್ಸಿ," ಅಂದಳು.

"ಯಾಕೆ?"

"ಬ್ರೇಕ್ ಪಟ್ಟಿ ಹಳೇದು."

"ಅಯ್ಯೋ ಅಕ್ಕಾ, ಇನ್ನೂ ಅದನ್ನೇ ಹಿಡ್ಕೊಂಡಿದ್ದೀರಲ್ಲಾ!" ಎನ್ನುತ್ತ ಒಬ್ಬ ಗಂಡಸು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಸಲಕರಣೆಯ ಚೀಲ. ಈ ಆಸ್ಪತ್ರೆಯ ಲಿಫ್ಟುಗಳ ಉಸ್ತುವಾರಿ ಅವನದು. ಬರೆದ ಮಾತಿಗೆಲ್ಲ ಒಂದು ಗುಲಾಬಿ ಚಿತ್ರ ಅಂಟಿಸುತ್ತಿದ್ದನಾದ್ದರಿಂದ ಗುಂಪಿನವರ ಬಾಯಲ್ಲಿ ಅವನು ಗುಲಾಬಿ. "ಮೇಡಂ, ಮೇಷ್ಟ್ರು ಒಂಬತ್ತು ನಲವತ್ತಕ್ಕೆ ಗುಂಪಲ್ಲಿ ಹಾಕಿದ್ದಾರೆ, ನಾಲ್ಕನೇದು ಚೆನ್ನಾಗಿದೆ ಅಂತ. ಅದನ್ನ ನೋಡೇ ನಾನು ಲಿಫ್ಟ್ ಶುರು ಮಾಡಿದ್ದು."

"ಅಂದ್ರೆ ಒಂಬತ್ತು ನಲವತ್ತಕ್ಕೆ ಅವ್ರಿಗೆ ಏನೂ ಆಗಿರ್ಲಿಲ್ಲ."

"ಅದೇ ನೋಡಿ. ಅದಾದ್ಮೇಲೆ..." ಗುಲಾಬಿ ಚುಟುಕಮ್ಮನ ಕಡೆ ನೋಡಿ ದನಿ ತಗ್ಗಿಸಿದ. "ತಮ್ಮ ಮಾತು ಸುಳ್ಳಾಯ್ತು ಅಂತ ಕೆಲವರಿಗೆ ತಡ್ಕೊಳ್ಳೋಕಾಗಲ್ಲ ಮೇಡಂ."

ಚುಟುಕಮ್ಮ ಕೈಯ ಗ್ರೀಸು ಒರೆಸಿಕೊಳ್ಳತೊಡಗಿದಳು. ಅವಳ ಮೌನ ಅವಳಿಗೇ ಉರುಳಾಗುತ್ತಿದೆ ಎಂಬುದು ಇನ್ಸ್‌ಪೆಕ್ಟರಮ್ಮನಿಗೆ ಕಾಣುತ್ತಿತ್ತು.

*

ಮೇಷ್ಟ್ರ ಫೋನು ಅವರ ಜೇಬಿನಲ್ಲೇ ಸಿಕ್ಕಿತ್ತು. ಬೆರಳು ಒತ್ತಿದರೆ ತೆರೆಯುವಂಥದ್ದು. ಪ್ರಜ್ಞೆ ಇಲ್ಲದವರ ಬೆರಳಿಗೂ ಅದು ತೆರೆಯುತ್ತದೆ. ಇನ್ಸ್‌ಪೆಕ್ಟರಮ್ಮ ಎಮರ್ಜೆನ್ಸಿಯ ಹೊರಗಿನ ಬೆಂಚಿನ ಮೇಲೆ ಕುಳಿತು ತನ್ನ ಫೋನಿಗೆ ತರಿಸಿಕೊಂಡ ಗುಂಪಿನ ಮಾತುಗಳನ್ನು ಓದತೊಡಗಿದಳು.

ನಿನ್ನೆ ಸಂಜೆಯದು:

ಚುಟುಕಮ್ಮ: "ನಾಲ್ಕರ ಪಟ್ಟಿ ಹಳೇದು."

ಗುಲಾಬಿ: "ಅಕ್ಕಾ ಬೇಜಾರ್ ಮಾಡ್ಕೋಬೇಡಿ, ಹೋದ ವಾರವೇ ಹೊಸದು ಹಾಕಿ ಪುಸ್ತಕದಲ್ಲಿ ಸಹಿ ಮಾಡಿದ್ದೀನಿ," ಮೂರು ಗುಲಾಬಿ, ಒಂದು ಕೈಮುಗಿದ ಚಿತ್ರ.

ಮೇಷ್ಟ್ರು: "ನಾಳೆ ನೋಡ್ತೀನಿ."

ಚುಟುಕಮ್ಮ: "ನಾಳೆ ಮುಗಿಸ್ಬೇಕು."

ಬರೀ ಎರಡು ಪದ, ಒಂದು ಚುಕ್ಕೆ. ಗುಂಪಿನ ಹತ್ತು ಜನಕ್ಕೆ ಅದು ಬೆದರಿಕೆಯಾಗಿ ಕೇಳಿಸಿತ್ತು. 'ಇದೇನು ಮಾತು', 'ಹಿರಿಯರಿಗೆ ಮರ್ಯಾದೆ ಬೇಡವಾ' ಎಂದು ಸಾಲು ಸಾಲು ಬೈಗುಳ. ಒಂದು ನಗುಮುಖ ಹಾಕಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ಇವತ್ತಿನ ಒಂಬತ್ತು ನಲವತ್ತರದು, ಮೇಷ್ಟ್ರ ಹೆಸರಿನಲ್ಲಿ: "ಅಂದ್ರೆ ಏನಪ್ಪಾ ಅಂದ್ರೆ, ನಾಲ್ಕನೇ ಲಿಫ್ಟು ಒಂಥರಾ ಚೆನ್ನಾಗೇ ಇದೆ ನೋಡಿ ಮತ್ತೆ. ಓಡಿಸಬಹುದು :)"

ಬೆಂಚಿನ ಆಚೆ ತುದಿಯಲ್ಲಿ ಮೇಷ್ಟ್ರ ಹೆಂಡತಿ ಸೆರಗಿನ ತುದಿ ಹಿಂಡುತ್ತ ಕುಳಿತಿದ್ದರು. ಆರನೇ ಮಹಡಿಯಲ್ಲಿ ಆಪರೇಷನ್ನು, ಇನ್ನು ಐದು ನಿಮಿಷಕ್ಕೆ ಮೇಲೆ ಒಯ್ಯುತ್ತಾರೆ ಎಂದು ನರ್ಸು ಹೇಳಿ ಹೋಗಿದ್ದಳು.

"ಅಮ್ಮಾ, ಇದು ನಿಮ್ಮ ಯಜಮಾನರ ಮಾತೇನಾ?"

ಅವರು ಕಣ್ಣು ಕಿರಿದು ಮಾಡಿ ಓದಿದರು. "ಅವರದ್ದೇ. 'ಏನಪ್ಪಾ ಅಂದ್ರೆ' ಇಲ್ದೆ ಅವ್ರ ಗಾಡಿ ಹೊರಡಲ್ಲ." ಮತ್ತೆ ಓದಿದರು. ಹುಬ್ಬು ಗಂಟಿಕ್ಕಿತು. "ಹಾಗಾದ್ರೆ ಲಿಫ್ಟಿಗೆ ಏನಾಗಿದೆಯಂತೆ?"

"ಏನೂ ಆಗಿಲ್ಲ. ಚೆನ್ನಾಗಿದೆ ಅಂತ ಬರ್ದಿದ್ದಾರಲ್ಲ."

"ಮತ್ಯಾಕೆ ನಕ್ಕಿದ್ದಾರೆ?"

ಇನ್ಸ್‌ಪೆಕ್ಟರಮ್ಮ ಫೋನಿನ ಮೇಲೆ ಸರಿಯುತ್ತಿದ್ದ ಬೆರಳನ್ನು ಅಲ್ಲೇ ನಿಲ್ಲಿಸಿದಳು.

"ಅವರು ಮೆಸೇಜಲ್ಲಿ ನಕ್ರೆ ನಂಗೆ ಎದೆ ಢವಢವ ಅನ್ನತ್ತೆ ಮೇಡಂ. ಹೋದ ತಿಂಗಳು, 'ಅಂದ್ರೆ ಏನಪ್ಪಾ ಅಂದ್ರೆ, ನಿನ್ನ ಹೂಕುಂಡ ಇತ್ತಲ್ಲ, ಒಂಥರಾ ಈಗ ಎರಡಾಗಿದೆ ನೋಡು ಮತ್ತೆ,' ಅಂತ ಬರ್ದು ಒಂದು ನಗು ಹಾಕಿದ್ರು. ಕೆಟ್ಟ ಸುದ್ದಿ ಹೇಳೋವಾಗ ಅವ್ರಿಗೆ ನಾಲಿಗೆ ಏಳಲ್ಲ, ಸುತ್ತಿ ಬಳಸಿ ಹೇಳ್ತಾರೆ. ಒಳ್ಳೇದಾದ್ರೆ ಒಂದೇ ಮಾತು."

ಇನ್ಸ್‌ಪೆಕ್ಟರಮ್ಮ ಸರಸರನೆ ಹಿಂದಕ್ಕೆ ಹೋದಳು. ಎರಡು ತಿಂಗಳು, ಆರು ತಿಂಗಳು, ಒಂದು ವರ್ಷ. ಮೇಷ್ಟ್ರು ಲಿಫ್ಟ್ ಒಪ್ಪಿಕೊಂಡಾಗಲೆಲ್ಲ ಒಂದೇ ಪದವಿತ್ತು: "ಓಡಿಸಿ." ತಿರಸ್ಕರಿಸಿದಾಗ ಮಾತ್ರ 'ಏನಪ್ಪಾ ಅಂದ್ರೆ', 'ಒಂಥರಾ', 'ನೋಡಿ ಮತ್ತೆ', ಕೊನೆಗೊಂದು ನಗುಮುಖ. ಒಂದು ಸಲವೂ ತಪ್ಪಿರಲಿಲ್ಲ.

ಅಂದರೆ ಒಂಬತ್ತು ನಲವತ್ತರ ಮಾತು ಮೇಷ್ಟ್ರದ್ದಲ್ಲ. ನಾಲ್ಕನೇ ಲಿಫ್ಟು ಸರಿಯಿಲ್ಲ.

ಅವಳು ತಲೆಯೆತ್ತಿದಾಗ ಬೆಂಚು ಖಾಲಿಯಾಗಿತ್ತು. ಕಾರಿಡಾರಿನ ಕೊನೆಯಲ್ಲಿ ಇಬ್ಬರು ಆಯಾಗಳು ಸ್ಟ್ರೆಚರ್ ತಳ್ಳುತ್ತಿದ್ದರು, ಮೇಷ್ಟ್ರ ಹೆಂಡತಿ ಹಿಂದೆ ಹಿಂದೆ ಓಡುತ್ತಿದ್ದರು. ಮೂರನೇ ಲಿಫ್ಟು ಎಲ್ಲೋ ಮೇಲಿತ್ತು. ನಾಲ್ಕನೆಯದು ಬಾಗಿಲು ತೆರೆದು ಕಾಯುತ್ತಿತ್ತು.

"ನಿಲ್ಸಿ!"

ಸ್ಟ್ರೆಚರಿನ ಮುಂದಿನ ಚಕ್ರ ಹೊಸ್ತಿಲು ದಾಟಿತ್ತು. ಇನ್ಸ್‌ಪೆಕ್ಟರಮ್ಮ ಬಿದ್ದಂಬೀಳ ಓಡಿ ಬಂದು ಹಿಂದಿನ ಕಂಬಿ ಹಿಡಿದು ಎಳೆದಳು. ಆಯಾ ಒಬ್ಬಳು ಕಿರುಚಿದಳು. ಸ್ಟ್ರೆಚರ್ ಹೊರಬಂತು. ಬಾಗಿಲು ತನ್ನ ಪಾಡಿಗೆ ಮುಚ್ಚಿಕೊಂಡು, ಲಿಫ್ಟು ಖಾಲಿಯಾಗಿ ಮೇಲೆ ಹೋಯಿತು.

"ಮೂರನೇದು ಬರೋವರೆಗೆ ಇಲ್ಲೇ ಇರಿ. ಇದ್ರೊಳಗೆ ಯಾರೂ ಕಾಲಿಡ್ಬೇಡಿ." ಅಷ್ಟು ಹೇಳಿ ಅವಳು ತಾರಸಿಯ ಮೆಟ್ಟಿಲು ಹತ್ತಿದಳು.

*

ಮೆಷಿನ್ ರೂಮಿನಲ್ಲಿ ಚುಟುಕಮ್ಮ ನಾಲ್ಕನೇ ಲಿಫ್ಟಿನ ಮೇನ್ ಸ್ವಿಚ್ ಇಳಿಸಿ ಬ್ರೇಕ್ ಬಿಚ್ಚಿದಳು. ಟಾರ್ಚ್ ಹಿಡಿದು ತೋರಿಸಿದಳು. ಪಟ್ಟಿ ಸವೆದು ಒಳಗಿನ ಕಬ್ಬಿಣ ಹೊಳೆಯುತ್ತಿತ್ತು.

"ಖಾಲಿ ಇದ್ರೆ ನಿಲ್ಲುತ್ತೆ. ಭಾರ ಬಿದ್ರೆ ಜಾರುತ್ತೆ," ಅಂದಳು.

ಗುಲಾಬಿ ಬಾಗಿಲಲ್ಲಿ ನಿಂತಿದ್ದ. ಹಿಂದೆ ಪೇದೆ ಇದ್ದುದರಿಂದ ಹೊರಗೆ ಹೋಗಲು ದಾರಿಯಿರಲಿಲ್ಲ.

"ಮೇಷ್ಟ್ರೇ ಚೆನ್ನಾಗಿದೆ ಅಂತ ಬರೆದ್ಮೇಲೆ ನಂದೇನು ತಪ್ಪು ಮೇಡಂ?"

"ಬರೆದದ್ದು ನೀನು."

"ನಾನಾ? ಗುಂಪಲ್ಲಿರೋ ಯಾರು ಬೇಕಾದ್ರೂ ಅವ್ರ ಹಾಗೆ ಬರೀಬಹುದು. ಇವಳೇ ಬರ್ದಿರಬಹುದು!"

"ಇವಳಿಗೆ ಆ ತಪ್ಪು ಮಾಡೋಕೆ ಬರಲ್ಲ." ಇನ್ಸ್‌ಪೆಕ್ಟರಮ್ಮ ಫೋನು ಎತ್ತಿ ಹಿಡಿದಳು. "ಈ ಒಂದು ವರ್ಷದಲ್ಲಿ ಇವಳು ನಲವತ್ತೊಂದು ಲಿಫ್ಟ್ ಪರೀಕ್ಷೆಗೆ ಕೊಟ್ಟಿದ್ದಾಳೆ. ನಲವತ್ತೊಂದಕ್ಕೂ ಮೇಷ್ಟ್ರು 'ಓಡಿಸಿ' ಅಂದಿದ್ದಾರೆ, ಇವಳು 'ಆಯ್ತು' ಅಂದಿದ್ದಾಳೆ. ಜನ ಇದನ್ನ ಜಗಳ ಅಂದ್ಕೊಂಡ್ರು. ನಾನೂ ಹಾಗೇ ಅಂದ್ಕೊಂಡೆ. ಮೇಷ್ಟ್ರು ಒಪ್ಪಿದ್ರೆ ಹೇಗೆ ಬರೀತಾರೆ ಅನ್ನೋದು ಇವಳಿಗೆ ಬಾಯಿಪಾಠ."

ಗುಲಾಬಿ ಹೆಗಲ ಚೀಲವನ್ನು ಎದೆಗೆ ಒತ್ತಿಕೊಂಡ.

"ನೀನು ಇಪ್ಪತ್ತಮೂರು ಸಲ ಕೊಟ್ಟಿದ್ದೀಯ. ಇಪ್ಪತ್ತಮೂರೂ ತಿರಸ್ಕಾರ, ಪ್ರತಿ ಸಲ ಬೇರೆಯವರು ಬಂದು ಸರಿಮಾಡಿದ್ದು. ಪ್ರತಿ ಸಲ ನಿನಗೆ ನೋವಾಗ್ಬಾರ್ದು ಅಂತ ಮೇಷ್ಟ್ರು 'ಏನಪ್ಪಾ ಅಂದ್ರೆ' ಅಂತ ಮೆತ್ತೆ ಹಾಸಿ, ನಗು ಇಟ್ಟು ಹೇಳಿದ್ದಾರೆ. ನಿನಗೆ ಬಂದ ಉತ್ತರಗಳನ್ನೇ ನೋಡ್ಕೊಂಡು ನೀನು ನಕಲು ಮಾಡಿದೆ. ಗುಂಪಿನಲ್ಲಿ ಮೇಷ್ಟ್ರಿಂದ ಒಂದು ಸಲವೂ 'ಓಡಿಸಿ' ಅನ್ನಿಸ್ಕೊಳ್ಳದೇ ಇರೋನು ನೀನೊಬ್ಬನೇ. ಚೀಲ ತೆಗಿ."

ತೆಗೆಯಲಿಲ್ಲ. ಪೇದೆ ತೆಗೆದ. ಚೀಲದ ತಳದಲ್ಲಿ ಹೊಸ ಬ್ರೇಕ್ ಪಟ್ಟಿ ಇತ್ತು. ಹೋದ ವಾರ ಹಾಕಿದ್ದೇನೆಂದು ಸಹಿ ಮಾಡಿದ ಅದೇ ಪಟ್ಟಿ. ಸುತ್ತಿದ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ.

ಗುಲಾಬಿ ಖಾಲಿ ಚೀಲವನ್ನು ನೆಲಕ್ಕೆ ಹಾಕಿದ. "ಅರ್ಧ ದಿನದ ಕೆಲಸ ಮೇಡಂ. ಆಮೇಲೆ ಹಾಕಿದ್ರಾಯ್ತು ಅಂತ ಸಹಿ ಮಾಡ್ಬಿಟ್ಟೆ. ಇವತ್ತು ಮೇಷ್ಟ್ರು ಬ್ರೇಕ್ ಬಿಚ್ಚಿ ನೋಡಿದ್ರು. ನನ್ನ ಲೈಸೆನ್ಸ್ ಕಿತ್ತಾಕಿಸ್ತೀನಿ ಅಂದ್ರು. ಅದನ್ನ ಹೇಳೋವಾಗ್ಲೂ ನಗ್ತಾ ಇದ್ರು ಮೇಡಂ! ಆ ನಗು ನೋಡಿ ನಂಗೆ ತಲೆ ಕೆಟ್ಟುಹೋಯ್ತು. ಕೈಗೆ ಸಿಕ್ಕಿದ್ದು ಆ ಸ್ಪ್ಯಾನರ್. ಆಮೇಲೆ ಹೆದ್ರಿಕೆ ಆಯ್ತು. ಬ್ರೇಕ್ ಮತ್ತೆ ಜೋಡಿಸಿ, ಅವ್ರ ಬೆರಳು ಹಿಡ್ದು ಫೋನ್ ತೆಗ್ದೆ."

"ಆ ಲಿಫ್ಟಲ್ಲಿ ಅವರನ್ನೇ ಮಲಗಿಸಿ ಒಯ್ತಿದ್ರು ಕಣೋ," ಅಂದಳು ಚುಟುಕಮ್ಮ. ಅವಳು ಒಂದೇ ಉಸಿರಿನಲ್ಲಿ ಅಷ್ಟು ಉದ್ದ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

*

ನಾಲ್ಕನೇ ದಿನ ಮೇಷ್ಟ್ರು ಕಣ್ಣು ಬಿಟ್ಟು, ತಲೆಗೆ ಬ್ಯಾಂಡೇಜು ಸುತ್ತಿಕೊಂಡು ದಿಂಬಿಗೆ ಒರಗಿದ್ದರು. ಮಾತು ಇನ್ನೂ ಸರಿಯಾಗಿ ಹೊರಳುತ್ತಿರಲಿಲ್ಲ. ಹೆಂಡತಿ ಫೋನು ಹಿಡಿದು ಗುಂಪಿಗೆ ಬಂದದ್ದನ್ನು ಓದಿ ಹೇಳಿದರು.

"ಆ ಹುಡುಗಿ ಬರ್ದಿದ್ದಾಳೆ. 'ನಾಲ್ಕಕ್ಕೆ ಹೊಸ ಪಟ್ಟಿ. ಭಾರ ಹಾಕಿ ನೋಡಿದೆ.' ಅಷ್ಟೇ."

ಮೇಷ್ಟ್ರು ಕೈ ಚಾಚಿದರು. ಒಂದು ಬೆರಳಿನಿಂದ ನಿಧಾನವಾಗಿ ಒತ್ತತೊಡಗಿದರು. ಹೆಂಡತಿಗೆ ಎದೆ ಢವಢವ. 'ಅಂದ್ರೆ' ಎಂದು ಶುರುವಾದರೆ ಗತಿಯೇನು ಎಂದು ಅವರ ಹೆಗಲ ಮೇಲಿಂದ ಬಗ್ಗಿ ನೋಡಿದರು.

ತಾರಸಿಯ ಮೇಲೆ ಚುಟುಕಮ್ಮನ ಫೋನು ಗುಂಯ್ ಅಂದಿತು. ಅವಳು ಗ್ರೀಸಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನೋಡಿದಳು.

"ಓಡಿಸಿ."

ಅವಳು ಗೋಡೆಯ ಕಡೆ ತಿರುಗಿ ತೋಳಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಸ್ವಿಚ್ ಮೇಲೆತ್ತಿ, "ಆಯ್ತು," ಎಂದು ಬರೆದಳು.