ಕ್ಯಾಮೆರಾ ಮುಂದಿನಿಂದ ಏಳುವಂತಿಲ್ಲ

ಸೋಮವಾರ ಮಧ್ಯಾಹ್ನ ಸವಣೂರು ಠಾಣೆಗೆ ಬಂದ ಸುಶೀಂದ್ರನ ಅಂಗಿ ಬೆವರಿನಿಂದ ತೊಯ್ದಿತ್ತು. ಆತ ಕಂಪನಿಯೊಂದರ ಮೇಲ್ವಿಚಾರಕ. ಮನೆಯಲ್ಲೇ ಕುಳಿತು ವಿಡಿಯೋ ಕಾಲ್‌ನಲ್ಲೇ ಊರೂರಿನವರನ್ನು ದುಡಿಸುವವನು.

“ಮೀಟಿಂಗ್ ನಡದಾಗ ಯಾರೋ ನನ್ನ ಖೋಲಿಗೆ ಹೊರಗಿನಿಂದ ಚಿಲಕ ಹಾಕ್ಯಾರ್ರಿ. ಪಡಸಾಲ್ಯಾಗ ನಮ್ಮ ತಾಯಿ ಒಂದೇ ಸವನೆ ಕರೀಲಿಕ್ಹತ್ತಿದ್ರು. ಹೋಗ್ಲಿಕ್ಕೆ ಆಗ್ಲಿಲ್ಲ.”

ಇನ್ಸ್‌ಪೆಕ್ಟರ್ ಲಕ್ಷ್ಮಪ್ಪ ಎಫ್‌ಐಆರ್ ದಾಖಲಿಸಿ, ಪೇದೆ ರಮಜಾನಬಿಯೊಂದಿಗೆ ಹೋಗಿ ಪಂಚನಾಮೆ ಮಾಡಿದರು. ಒಂದು ಚಮಚೆಯೂ ಕಳುವಾಗಿರಲಿಲ್ಲ. ಸುಶೀಂದ್ರನ ಫೋನಿಗೆ ಓಡಿಬಂದು ಚಿಲಕ ತೆಗೆದ ನೆರೆಮನೆಯ ಇರ್ಫಾನ ಯಾರನ್ನೂ ಕಂಡಿರಲಿಲ್ಲ. ತಾಯಿ ಗೋಪಿಕಾಬಾಯಿಯ ಊರುಗೋಲು ಹಿತ್ತಲಲ್ಲಿ ಬಿದ್ದಿತ್ತು.

“ಒಬ್ಬಾಕಿ ಒಳಗ ಬಂದ್ಲು, ಮುಖಕ್ಕ ಓಢಣಿ ಸುತ್ತಿದ್ಲು. ಕೋಲು ಕಸ್ಕೊಂಡು, ‘ಮಗನ್ನ ಕರೀರಿ, ಬರ್ತಾನೇನು ನೋಡೂಣು’ ಅಂದ್ಲು,” ಎಂದರು ಗೋಪಿಕಾಬಾಯಿ.

“ಆ ಹೊತ್ತಿಗೆ ನೀವು ಖೋಲ್ಯಾಗ ಇರ್ತೀರಿ ಅಂತ ಯಾರಿಗೆ ಗೊತ್ತು?” ಲಕ್ಷ್ಮಪ್ಪ ಕೇಳಿದರು.

“ನನ್ನ ಟೀಮಿನವರಿಗೆ. ಆದ್ರ ಅವರೆಲ್ಲಾ ಕ್ಯಾಮೆರಾ ಮುಂದನ ಇದ್ರಲ್ಲಾ. ಯಾರೂ ಏಳಬಾರದು ಅನ್ನೋದು ನನ್ನ ರೂಲ್.”

ಆ ರೂಲೇ ದಾರಿ ತೋರಿಸಿತು. ಮೀಟಿಂಗಿನ ರೆಕಾರ್ಡಿಂಗ್‌ನಲ್ಲಿ ಸುಶೀಂದ್ರ ಸಾಹೇಬರು ಬಾಗಿಲು ಗುದ್ದಿ ಅಳುತ್ತಿದ್ದರೆ ಎಲ್ಲರೂ ಬಾಯಿ ಬಿಟ್ಟು ನೋಡುತ್ತಿದ್ದರು. ಯಲವಿಗಿಯ ಸವಿತಾ ಮಾತ್ರ ನಗುನಗುತ್ತ ತಲೆಯಾಡಿಸುತ್ತಿದ್ದಳು. ಅವಳ ಹಿಂದೆ ಒಬ್ಬ ಮುದುಕಿ ಚಹಾದ ಬಟ್ಟಲು ಹಿಡಿದು ಹಾದುಹೋದಳು.

“ಹಳೇ ವಿಡಿಯೋರಿ ಸರ. ಹಚ್ಚಿಟ್ಟು ಎದ್ದು ಹೋಗ್ಯಾಳ,” ಎಂದಳು ರಮಜಾನಬಿ.

ಯಲವಿಗಿಯ ಆ ಮನೆಯ ಗೋಡೆಯ ಮೇಲಿದ್ದ ಅದೇ ಮುದುಕಿಯ ಫೋಟೋಗೆ ಹೂವಿನ ಹಾರ ಹಾಕಿತ್ತು.

“ಸೋಮವಾರ ಎಲ್ಲಿದ್ದಿ?”

“ಸವಣೂರಾಗ,” ಸವಿತಾ ತಡವರಿಸಲಿಲ್ಲ. “ಹ್ವಾದ ತಿಂಗಳ ಮೀಟಿಂಗ್ ನಡದಾಗ ನಮ್ಮವ್ವ ಬಚ್ಚಲದಾಗ ಬಿದ್ದು ಕರಿಯಾಕತ್ತಿದ್ಲು. ಎರಡ ನಿಮಿಷ ಬಿಡ್ರಿ ಸರ ಅಂದೆ. ಎದ್ರ ನಾಳಿಂದ ಕೆಲಸ ಇಲ್ಲ ಅಂದ. ಮೀಟಿಂಗ್ ಮುಗಿಸಿ ಹೋಗೂದ್ರಾಗ ಅವ್ವ ಹೋಗಿಬಿಟ್ಟಿದ್ಲು. ಹಡದಾಕಿ ಕರಿಯೂದನ್ನ ಅವನೂ ಕುಂತು ಕೇಳ್ಲಿ ಅಂತ ಮಾಡಿದೆ. ಬಿಟ್ರ ಮತ್ತ ಮಾಡ್ತೇನಿ.”

“ಆ ವಿಡಿಯೋ ಯಾಕ ಮಾಡಿಟ್ಟಿದ್ದಿ?”

“ಅದನ್ನ ಹಚ್ಚಿ, ನಡುನಡುವ ಎದ್ದು ಅವ್ವನ್ನ ನೋಡ್ಕೊಳ್ಳೂಣು ಅಂತ್ರಿ. ಆವತ್ತ ಹಚ್ಚಾಕ ಧೈರ್ಯ ಆಗ್ಲಿಲ್ಲ.”

ಅತಿಕ್ರಮ ಪ್ರವೇಶ, ಅಕ್ರಮ ಬಂಧನದ ಆರೋಪದ ಮೇಲೆ ಅವಳನ್ನು ಬಂಧಿಸಲಾಯಿತು. ಕಾನೂನಿಗೆ ಸುಶೀಂದ್ರನ ಬಾಗಿಲಿನ ಚಿಲಕವಷ್ಟೇ ಕಂಡಿತು. ಅದು ಲಕ್ಷ್ಮಪ್ಪನವರಿಗೆ ಸರಿಬರಲಿಲ್ಲ. ಆದರೂ ಬಂಧನದ ಕಾಗದಕ್ಕೆ ಸಹಿ ಹಾಕಿದರು.

ಆ ವಿಡಿಯೋ ಇದ್ದ, ಸಾಕ್ಷಿಗೆಂದು ಜಪ್ತಿ ಮಾಡಿದ ಲ್ಯಾಪ್‌ಟಾಪಿಗೆ ಅರಗಿನ ಮುದ್ರೆ ಒತ್ತುತ್ತಿದ್ದ ರಮಜಾನಬಿಯ ಕೈ ಹಿಡಿದು, ಅಷ್ಟು ಹೊತ್ತು ಅಳದೆ ನಿಂತಿದ್ದ ಸವಿತಾ ಅತ್ತಳು.

“ಅದನ್ನ ಅಳಸಬ್ಯಾಡ್ರಿ ಅಕ್ಕಾರ. ಅವ್ವ ಅಡ್ಡಾಡೂದು ಅದೊಂದರಾಗ ಐತ್ರಿ.”